ಕುಲಾಂತರಿ ಸೊಳ್ಳೆ ಹಾರಿಬಿಟ್ಟರೆ ಮನುಷ್ಯರಿಗೆ ಏನಾದೀತು? ಅದನ್ನು ಅಳೆಯುವ ಬಗೆ

2016ರ ನವೆಂಬರ್ 8ರಂದು ಅಮೆರಿಕದಲ್ಲಿ ಅಧ್ಯಕ್ಷರ ಆಯ್ಕೆಗೆ ಮತದಾನ ನಡೆಯಿತು. ಫ್ಲೋರಿಡಾ ರಾಜ್ಯದ ದಕ್ಷಿಣ ತುದಿಯಲ್ಲಿ ಸಮುದ್ರದೊಳಕ್ಕೆ ಸಾಲಾಗಿ ಚಾಚಿರುವ ಕೀಸ್ ದ್ವೀಪಗಳ ಮತದಾರರಿಗೆ ಅಂದು ಇನ್ನೊಂದು ಪ್ರಶ್ನೆಯೂ ಇತ್ತು: ಇಲ್ಲಿ ಕುಲಾಂತರಿ ಸೊಳ್ಳೆಗಳನ್ನು ಬಿಡಬಹುದೇ? ದ್ವೀಪಗಳಿರುವ ಮನ್ರೊ ಕೌಂಟಿಯಲ್ಲಿ ಒಟ್ಟಾರೆ ಹೆಚ್ಚಿನವರು ಒಪ್ಪಿದರು. ಆದರೆ ಸೊಳ್ಳೆ ಬಿಡಬೇಕೆಂದಿದ್ದ ಕೀ ಹೇವನ್ ಬಡಾವಣೆಯಲ್ಲೇ ನೂರಕ್ಕೆ ಸುಮಾರು 65 ಮಂದಿ ಬೇಡ ಎಂದರು. ಈ ಪ್ರಯೋಗದಿಂದ ಗಣನೀಯ ದುಷ್ಪರಿಣಾಮವೇನೂ ಆಗದು ಎಂದು ಅಲ್ಲಿನ ಆಹಾರ ಮತ್ತು ಔಷಧ ಆಡಳಿತ (ಎಫ್‌ಡಿಎ) ಮೂರು ತಿಂಗಳ ಹಿಂದೆಯಷ್ಟೇ ಹೇಳಿತ್ತು. ಆದರೂ ಕೀ ಹೇವನ್‌ನಲ್ಲಿ ಆ ಪ್ರಯೋಗ ನಡೆಯಲಿಲ್ಲ.

ಅಲ್ಲಿನ ಜನ ಡೆಂಗಿ ಕಾಣದವರೇನಲ್ಲ. 2009-10ರಲ್ಲಿ ಪಕ್ಕದ ಕೀ ವೆಸ್ಟ್‌ನಲ್ಲಿ ಡೆಂಗಿ ಹರಡಿತ್ತು. ರೋಗದ ಭಯವೂ ಇತ್ತು, ಮದ್ದಿನ ಭಯವೂ ಇತ್ತು.

ಈ ಚರ್ಚೆ ನಮಗೂ ಹತ್ತಿರ ಬರುತ್ತಿದೆ. 2024ರಲ್ಲಿ ಜಗತ್ತಿನಾದ್ಯಂತ 1.4 ಕೋಟಿಗೂ ಹೆಚ್ಚು ಡೆಂಗಿ ಪ್ರಕರಣಗಳು ದಾಖಲಾದವು. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಕರ್ನಾಟಕ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಅಧಿಸೂಚನೆ ಹೊರಡಿಸಿತು. ಫಾಗಿಂಗ್ ಹೊಗೆಗೆ, ಮದ್ದಿಗೆ ಸೊಳ್ಳೆ ಬಗ್ಗದಿದ್ದಾಗ ‘ಸೊಳ್ಳೆಯನ್ನೇ ಬದಲಿಸಿ ಬಿಟ್ಟರೆ ಹೇಗೆ’ ಎಂಬ ಮಾತು ಬರುವುದು ಸಹಜ. ಅದರ ಬೆನ್ನಿಗೇ ‘ಅದು ನಮಗೇನು ಮಾಡೀತು’ ಎಂಬ ಪ್ರಶ್ನೆ ಬರಲೇಬೇಕು. ಆ ಪ್ರಶ್ನೆಗೆ ವಿಜ್ಞಾನಿಗಳು, ಸರ್ಕಾರಗಳು ಉತ್ತರ ಹುಡುಕುವ ಕ್ರಮವೇ ಈ ಬರಹದ ವಿಷಯ.

ಯಾವುದು ಕುಲಾಂತರಿ, ಯಾವುದು ಅಲ್ಲ

ಜೀವಕೋಶದೊಳಗಿನ ಡಿಎನ್ಎಯಲ್ಲಿ ಒಂದೊಂದು ಪ್ರೋಟೀನ್ ತಯಾರಿಸಲು ಬೇಕಾದ ಸೂಚನೆಯಿರುವ ತುಣುಕನ್ನು ವಂಶವಾಹಿ ಅಥವಾ ಜೀನ್ ಎನ್ನುತ್ತೇವೆ. ಪ್ರಯೋಗಾಲಯದಲ್ಲಿ ಹೊರಗಿನ ಜೀನ್ ಸೇರಿಸಿ ಬೆಳೆಸಿದ ಸೊಳ್ಳೆಯೇ ಕುಲಾಂತರಿ ಸೊಳ್ಳೆ.

ಸೊಳ್ಳೆ ಬಿಟ್ಟು ಸೊಳ್ಳೆ ಹಿಡಿಯುವ ಎಲ್ಲ ಯೋಜನೆಗಳೂ ಕುಲಾಂತರಿಯಲ್ಲ. ಇಂಡೊನೇಷ್ಯಾದ ಯೋಗ್ಯಕರ್ತಾ ನಗರದಲ್ಲಿ ಬಿಟ್ಟ ಸೊಳ್ಳೆಗಳಲ್ಲಿ ಇದ್ದದ್ದು ವೊಲ್ಬಾಕಿಯಾ ಎಂಬ ಬ್ಯಾಕ್ಟೀರಿಯಾ. ಅನೇಕ ಕೀಟಗಳಲ್ಲಿ ತಾನಾಗಿಯೇ ಇರುವ ಈ ಬ್ಯಾಕ್ಟೀರಿಯಾ ಸೊಳ್ಳೆಯ ಒಡಲಲ್ಲಿ ಡೆಂಗಿ ವೈರಸ್ ಬೆಳೆಯದಂತೆ ತಡೆಯುತ್ತದೆ. ಪುದುಚೇರಿಯಲ್ಲಿರುವ, ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಐಸಿಎಂಆರ್‌ನ ರೋಗವಾಹಕ ನಿಯಂತ್ರಣ ಸಂಶೋಧನಾ ಕೇಂದ್ರ ಬೆಳೆಸಿರುವುದೂ ಇಂಥದೇ ಸೊಳ್ಳೆ. ಅಲ್ಲಿ ಸೊಳ್ಳೆಯ ಜೀನ್‌ಗೆ ಯಾರೂ ಕೈ ಹಾಕಿಲ್ಲ. ವಿಕಿರಣ ಹಾಯಿಸಿ ಗಂಡು ಕೀಟಗಳನ್ನು ಬಂಜೆ ಮಾಡಿ ಬಿಡುವ ಹಳೆಯ ವಿಧಾನವೂ ಕುಲಾಂತರಿಯಲ್ಲ.

ಕುಲಾಂತರಿಯಲ್ಲೇ ಎರಡು ಬಗೆಗಳಿವೆ. ಒಂದರಲ್ಲಿ ಸೇರಿಸಿದ ಜೀನ್ ತಲೆಮಾರಿನಿಂದ ತಲೆಮಾರಿಗೆ ಕರಗುತ್ತ ಹೋಗಿ ಕೊನೆಗೆ ಇಲ್ಲವಾಗುತ್ತದೆ. ಸೊಳ್ಳೆ ಬಿಡುವುದನ್ನು ನಿಲ್ಲಿಸಿದರೆ ಅದೂ ನಿಲ್ಲುತ್ತದೆ. ಇನ್ನೊಂದರ ಹೆಸರು ಜೀನ್ ಡ್ರೈವ್. ಅದರಲ್ಲಿ ಜೀನ್ ಅರ್ಧಕ್ಕರ್ಧ ಮರಿಗಳಿಗಲ್ಲ, ಹೆಚ್ಚುಕಡಿಮೆ ಎಲ್ಲ ಮರಿಗಳಿಗೂ ದಾಟಿ ಇಡೀ ಸಂತತಿಯಲ್ಲಿ ಹಬ್ಬುತ್ತದೆ. 2018ರಲ್ಲಿ ಲಂಡನ್ನಿನ ಇಂಪೀರಿಯಲ್ ಕಾಲೇಜಿನ ವಿಜ್ಞಾನಿಗಳು ಪಂಜರದಲ್ಲಿಟ್ಟ, ಮಲೇರಿಯಾ ಹರಡುವ ಅನಾಫಿಲಿಸ್ ಸೊಳ್ಳೆಗಳ ಸಂತತಿ ಈ ತಂತ್ರದಿಂದ 7ರಿಂದ 11 ತಲೆಮಾರುಗಳಲ್ಲಿ ಅಳಿದದ್ದನ್ನು ತೋರಿಸಿದರು. ಜೀನ್ ಡ್ರೈವ್ ಸೊಳ್ಳೆಯನ್ನು ಈವರೆಗೆ ಎಲ್ಲೂ ಬಯಲಿಗೆ ಬಿಟ್ಟಿಲ್ಲ. ಇವೆರಡರ ಅಪಾಯದ ಲೆಕ್ಕ ಬೇರೆ ಬೇರೆ. ಸುದ್ದಿಗಳಲ್ಲಿ ಇವೆರಡನ್ನೂ ಕಲೆಸಿಬಿಡುವುದರಿಂದಲೇ ಅರ್ಧ ಗೊಂದಲ ಹುಟ್ಟುತ್ತದೆ. ಮುಂದೆ ಹೇಳುವುದೆಲ್ಲ ಮೊದಲ ಬಗೆಯ ಬಗ್ಗೆ.

ಆ ಸೊಳ್ಳೆಯೊಳಗೆ ಏನಿದೆ

ಫ್ಲೋರಿಡಾದ ಸೊಳ್ಳೆಯನ್ನು ತಯಾರಿಸಿದ್ದು ಬ್ರಿಟನ್ನಿನ ಆಕ್ಸಿಟೆಕ್ ಕಂಪನಿ. ಜಾತಿ ಈಡಿಸ್ ಈಜಿಪ್ಟಿ, ಅಂದರೆ ನಮ್ಮಲ್ಲೂ ಹಗಲು ಹೊತ್ತು ಕಚ್ಚಿ ಡೆಂಗಿ, ಚಿಕೂನ್‌ಗುನ್ಯ ಹರಡುವ ಸೊಳ್ಳೆ. ಕೀಸ್ ದ್ವೀಪಗಳ ಸೊಳ್ಳೆಗಳಲ್ಲಿ ಅದರ ಪಾಲು ನೂರಕ್ಕೆ ನಾಲ್ಕರಷ್ಟೇ. ಡೆಂಗಿ ಹರಡುವುದು ಮಾತ್ರ ಬಹುಪಾಲು ಅದೇ.

ಮೊದಲ ತಳಿ ಓಎಕ್ಸ್513ಎ. ಅದಕ್ಕೆ ಸೇರಿಸಿದ ಜೀನ್‌ಗಳು ಎರಡು. ಒಂದು ಟಿಟಿಎವಿ ಎಂಬ ಪ್ರೋಟೀನ್ ತಯಾರಿಸುತ್ತದೆ. ಇದು ಕೋಶದಲ್ಲಿ ಅತಿಯಾಗಿ ತುಂಬಿಕೊಂಡು, ಬೇರೆ ಜೀನ್‌ಗಳ ಕೆಲಸ ನಡೆಯದಂತೆ ಮಾಡಿ ಮರಿಯನ್ನು ಕೊಲ್ಲುತ್ತದೆ. ಟೆಟ್ರಾಸೈಕ್ಲಿನ್ ಎಂಬ ಆ್ಯಂಟಿಬಯೋಟಿಕ್ ಇದ್ದರೆ ಮಾತ್ರ ಇದು ಸುಮ್ಮನಿರುತ್ತದೆ. ಆದ್ದರಿಂದ ಪ್ರಯೋಗಾಲಯದಲ್ಲಿ ಆ ಔಷಧ ಕೊಟ್ಟು ಸೊಳ್ಳೆ ಸಾಕಬಹುದು, ಹೊರಗೆ ಅದರ ಮರಿಗಳು ಬದುಕಲಾರವು. ಎರಡನೆಯ ಜೀನ್ ಡಿಎಸ್‌ರೆಡ್. ಡಿಸ್ಕೊಸೋಮಾ ಎಂಬ ಹವಳದ ಬಳಗದ ಕಡಲಜೀವಿಯಿಂದ ತೆಗೆದದ್ದು. ವಿಶೇಷ ಬೆಳಕು ಹಾಯಿಸಿದರೆ ಲಾರ್ವಾ ಕೆಂಪಗೆ ಹೊಳೆಯುತ್ತದೆ. ಬಿಟ್ಟ ಸೊಳ್ಳೆಯ ಸಂತಾನ ಯಾವುದು, ಊರ ಸೊಳ್ಳೆಯದು ಯಾವುದು ಎಂದು ಗುರುತಿಸಲು ಇದೇ ಆಧಾರ.

ಎರಡನೆಯ ತಳಿ ಓಎಕ್ಸ್5034. ಇದರಲ್ಲಿ ಸಾಯುವುದು ಹೆಣ್ಣು ಮರಿಗಳು ಮಾತ್ರ, ಅದೂ ಲಾರ್ವಾ ಹಂತದಲ್ಲೇ. ಗಂಡು ಮರಿಗಳು ಬದುಕಿ, ಜೀನ್ ಹೊತ್ತು, ಇನ್ನಷ್ಟು ಹೆಣ್ಣುಗಳೊಂದಿಗೆ ಕೂಡುತ್ತವೆ. ಅವುಗಳ ಮಕ್ಕಳಲ್ಲಿ ಅರ್ಧಕ್ಕಷ್ಟೇ ಜೀನ್ ಬರುತ್ತದೆ, ಮುಂದಿನ ತಲೆಮಾರಿನಲ್ಲಿ ಅದರ ಅರ್ಧಕ್ಕೆ. ಹೀಗೆ ಇಳಿಯುತ್ತ ಹೋಗುತ್ತದೆ. ಈ ತಳಿಯನ್ನು ಮೊಟ್ಟೆಯ ರೂಪದಲ್ಲೇ ಪೆಟ್ಟಿಗೆಯಲ್ಲಿಟ್ಟು ನೀರು ಹಾಕಿದರೆ ಸಾಕು, ಗಂಡುಗಳಷ್ಟೇ ಬೆಳೆದು ಹಾರಿಹೋಗುತ್ತವೆ.

ಇಲ್ಲಿ ನೆನಪಿಡಬೇಕಾದ ಮೂಲ ಸಂಗತಿ: ಗಂಡು ಸೊಳ್ಳೆ ಕಚ್ಚುವುದಿಲ್ಲ. ರಕ್ತ ಬೇಕಾಗುವುದು ಮೊಟ್ಟೆ ಇಡುವ ಹೆಣ್ಣಿಗೆ. ಗಂಡು ಹೂವಿನ ಮಕರಂದ, ಗಿಡದ ರಸ ಕುಡಿದು ಬದುಕುತ್ತದೆ.

ಅಪಾಯವನ್ನು ಅಳೆಯುವುದು ಎಂದರೆ

‘ಸುರಕ್ಷಿತವೇ ಅಲ್ಲವೇ’ ಎಂದು ನಾವು ಒಂದೇ ಮಾತಿನಲ್ಲಿ ಕೇಳುತ್ತೇವೆ. ಅಳೆಯುವವರು ಅದನ್ನು ಎರಡಾಗಿ ಒಡೆಯುತ್ತಾರೆ: ಕೇಡು ಮಾಡುವ ಗುಣ ಇದೆಯೇ, ಮತ್ತು ಅದು ಮನುಷ್ಯರನ್ನು ತಲುಪುವ ದಾರಿ ಇದೆಯೇ. ಹಿತ್ತಿಲ ಬಾವಿ ಎಷ್ಟು ಆಳ ಎನ್ನುವುದು ಒಂದು ಪ್ರಶ್ನೆ. ಅದಕ್ಕೆ ಕಟ್ಟೆ ಇದೆಯೇ, ಮಕ್ಕಳು ಅತ್ತ ಆಡಲು ಹೋಗುತ್ತಾರೆಯೇ ಎನ್ನುವುದು ಇನ್ನೊಂದು. ಎರಡನ್ನೂ ಸೇರಿಸಿ ನೋಡಿದಾಗಲೇ ಅಪಾಯ ಎಷ್ಟೆಂದು ತಿಳಿಯುವುದು.

ಆಮೇಲೆ ಒಂದೊಂದು ಭಯವನ್ನೂ ಹಂತಹಂತದ ಸರಪಣಿಯಾಗಿ ಬರೆಯುತ್ತಾರೆ. ಉದಾಹರಣೆಗೆ ಅಲರ್ಜಿಯ ಭಯ. ಅದು ನಿಜವಾಗಬೇಕಾದರೆ ಹೊರಗೆ ಕುಲಾಂತರಿ ಹೆಣ್ಣು ಸೊಳ್ಳೆ ಇರಬೇಕು, ಹೊಸ ಪ್ರೋಟೀನ್ ಅದರ ಜೊಲ್ಲಿನಲ್ಲಿ ಬರಬೇಕು, ಅದು ಕಚ್ಚಬೇಕು, ಆ ಪ್ರೋಟೀನ್ ಮನುಷ್ಯರಲ್ಲಿ ಅಲರ್ಜಿ ಎಬ್ಬಿಸುವಂಥದ್ದಾಗಿರಬೇಕು. ಇಷ್ಟೂ ಕೊಂಡಿಗಳು ಕೂಡಿಬಂದರಷ್ಟೇ ಹಾನಿ. ಪ್ರತಿ ಕೊಂಡಿಗೂ ಪ್ರತ್ಯೇಕ ಪ್ರಯೋಗ ಮಾಡಿ, ಎಲ್ಲಿ ಸರಪಣಿ ಕಡಿಯುತ್ತದೆ, ಎಲ್ಲಿ ಗಟ್ಟಿಯಾಗಿದೆ ಎಂದು ನೋಡುತ್ತಾರೆ.

ಇಡೀ ಕೆಲಸ ಒಂದೇ ಬಾರಿಗೆ ಮುಗಿಯುವುದೂ ಇಲ್ಲ. ವಿಶ್ವ ಆರೋಗ್ಯ ಸಂಸ್ಥೆ 2014ರಲ್ಲಿ ಹೊರತಂದು 2021ರಲ್ಲಿ ಪರಿಷ್ಕರಿಸಿದ ಮಾರ್ಗದರ್ಶಿಯ ಪ್ರಕಾರ ಮೊದಲು ಪ್ರಯೋಗಾಲಯ, ಬಳಿಕ ಸಣ್ಣ ಪ್ರಮಾಣದ ಪರೀಕ್ಷೆ, ಅದಾದ ಮೇಲೆ ದೊಡ್ಡ ಪ್ರದೇಶ, ಕೊನೆಗೆ ಬಳಕೆ ಮತ್ತು ನಿರಂತರ ನಿಗಾ. ಒಂದು ಮೆಟ್ಟಿಲಲ್ಲಿ ಸಿಕ್ಕ ಉತ್ತರ ತೃಪ್ತಿಕರವಾದರೆ ಮಾತ್ರ ಮುಂದಿನದಕ್ಕೆ.

ಕಚ್ಚಿದರೆ, ನುಂಗಿದರೆ

ಬಿಡುವುದು ಗಂಡುಗಳನ್ನೇ ಆದರೂ ಓಎಕ್ಸ್513ಎ ತಳಿಯಲ್ಲಿ ಹೆಣ್ಣನ್ನು ಬೇರ್ಪಡಿಸುತ್ತಿದ್ದುದು ಪ್ಯೂಪಾದ, ಅಂದರೆ ಲಾರ್ವಾ ಸೊಳ್ಳೆಯಾಗುವ ಮುಂಚಿನ ಹಂತದ, ಗಾತ್ರ ನೋಡಿ. ಹೆಣ್ಣು ಪ್ಯೂಪಾ ದೊಡ್ಡದು. ಜರಡಿ ಹಿಡಿದಂತೆ ಮಾಡಿದರೂ ಅಪರೂಪಕ್ಕೆ ಒಂದೊಂದು ಹೆಣ್ಣು ನುಸುಳುವುದುಂಟು. ಹಾಗಾಗಿ ‘ಹೆಣ್ಣೇ ಇಲ್ಲ’ ಎಂದು ಕೈತೊಳೆದುಕೊಳ್ಳುವಂತಿರಲಿಲ್ಲ. ಆ ತಳಿಯ ಹೆಣ್ಣುಗಳ ಜೊಲ್ಲನ್ನೇ ತೆಗೆದು ಪರೀಕ್ಷಿಸಿದಾಗ ಸೇರಿಸಿದ ಎರಡು ಪ್ರೋಟೀನ್‌ಗಳೂ ಅದರಲ್ಲಿ ಪತ್ತೆಯಾಗಲಿಲ್ಲ.

ಇನ್ನು ಪ್ರೋಟೀನ್‌ನ ಗುಣ. ಪ್ರೋಟೀನ್ ಎಂದರೆ ಅಮೈನೊ ಆಮ್ಲಗಳ ಉದ್ದನೆಯ ಸರ. ಶೇಂಗಾ, ಸಿಗಡಿ, ಪರಾಗ ಮುಂತಾದವುಗಳಲ್ಲಿ ಅಲರ್ಜಿ ಎಬ್ಬಿಸುವ ಪ್ರೋಟೀನ್‌ಗಳ ಪಟ್ಟಿಗಳಿವೆ. ಹೊಸ ಪ್ರೋಟೀನ್‌ನ ಸರವನ್ನು ಕಂಪ್ಯೂಟರಿನಲ್ಲಿ ಆ ಪಟ್ಟಿಯೊಂದಿಗೆ ತಾಳೆ ನೋಡುತ್ತಾರೆ. ಯಾವುದೇ 80 ಅಮೈನೊ ಆಮ್ಲಗಳ ಉದ್ದದಲ್ಲಿ ಶೇ 35ಕ್ಕಿಂತ ಹೆಚ್ಚು ಹೋಲಿಕೆ ಕಂಡರೆ ಎಚ್ಚರಿಕೆಯ ಗಂಟೆ. ಇದು ಕುಲಾಂತರಿ ಆಹಾರಗಳಿಗೆ ಅಂತರರಾಷ್ಟ್ರೀಯವಾಗಿ ಒಪ್ಪಿಕೊಂಡ ಅಳತೆ. ವಿಷಕಾರಿ ಪ್ರೋಟೀನ್‌ಗಳ ಪಟ್ಟಿಯೊಂದಿಗೂ ಇದೇ ರೀತಿ ತಾಳೆ. ಆಕ್ಸಿಟೆಕ್ ತಳಿಗಳ ಪ್ರೋಟೀನ್‌ಗಳಲ್ಲಿ ಚಿಂತೆಗೆ ಕಾರಣವಾಗುವ ಹೋಲಿಕೆ ಕಂಡುಬರಲಿಲ್ಲ. ಇಂಥ ತಾಳೆಗೂ ಮಿತಿಯಿದೆ. ಅದು ಹೇಳುವುದು ‘ಗೊತ್ತಿರುವ ಅಲರ್ಜಿಕಾರಕಗಳನ್ನು ಹೋಲುವುದಿಲ್ಲ’ ಎಂದಷ್ಟೇ. ಅದಕ್ಕಾಗಿಯೇ ಜೊಲ್ಲಿನ ಪರೀಕ್ಷೆಯಂಥ ಬೇರೆ ಕೊಂಡಿಗಳ ಪುರಾವೆಯನ್ನೂ ಸೇರಿಸಿ ತೂಗುತ್ತಾರೆ.

ಮಾತನಾಡುವಾಗ ಬಾಯಿಗೆ ಸೊಳ್ಳೆ ಹೊಕ್ಕರೆ? ನಾವು ತಿನ್ನುವ ಪ್ರತಿ ಸೊಪ್ಪು, ಕಾಳು, ಮೀನಿನಲ್ಲೂ ಆ ಜೀವಿಯ ಡಿಎನ್ಎ ಇದ್ದೇ ಇರುತ್ತದೆ. ಹೊಟ್ಟೆಯಲ್ಲಿ ಅದು ಚೂರಾಗಿ ಜೀರ್ಣವಾಗುತ್ತದೆ. ಸೊಳ್ಳೆಗೆ ಸೇರಿಸಿದ ಡಿಎನ್ಎ ತುಣುಕಿಗೂ ಅದೇ ಗತಿ. ‘ಕಚ್ಚಿದರೆ ನಮ್ಮ ಜೀನ್ ಬದಲಾಗುತ್ತದೆ’ ಎಂಬ ಮಾತಿಗೆ ಆಧಾರವಿಲ್ಲ.

ಟೆಟ್ರಾಸೈಕ್ಲಿನ್ ಎಂಬ ಸಡಿಲ ಕೊಂಡಿ

ನನ್ನ ಮಟ್ಟಿಗೆ ಇಡೀ ವಿಷಯದಲ್ಲಿ ಹೆಚ್ಚು ಹೊತ್ತು ನಿಂತು ನೋಡಬೇಕಾದ ಜಾಗ ಇದು. ಮರಿಯನ್ನು ಕೊಲ್ಲುವ ಜೀನ್ ಟೆಟ್ರಾಸೈಕ್ಲಿನ್ ಸಿಕ್ಕರೆ ಸುಮ್ಮನಾಗುತ್ತದೆ ಎಂದೆವು. ಆ ಔಷಧ ಪ್ರಯೋಗಾಲಯದಲ್ಲಿ ಮಾತ್ರ ಇರುವ ವಸ್ತುವಲ್ಲ. ಮನುಷ್ಯರಿಗೆ ಕೊಡುತ್ತಾರೆ, ದನ, ಕೋಳಿ, ಹಂದಿಗಳಿಗೆ ಕೊಡುತ್ತಾರೆ. ಅಮೆರಿಕದಲ್ಲಿ ಕಿತ್ತಳೆ ಜಾತಿಯ ಹಣ್ಣಿನ ತೋಟಗಳಿಗೂ ಅದರ ಬಳಗದ ಔಷಧ ಸಿಂಪಡಿಸುತ್ತಾರೆ. ಅದು ಕೊಳಚೆ ನೀರಿಗೆ ಸೇರಿ, ಆ ನೀರಿನಲ್ಲಿ ಕುಲಾಂತರಿ ಲಾರ್ವಾ ಬೆಳೆದರೆ ಹೆಣ್ಣುಗಳು ಬದುಕಿ ಹೊರಬರಬಹುದು.

ಎಫ್‌ಡಿಎಯಿಂದ ಈ ಹೊಣೆ 2017ರಲ್ಲಿ ಪರಿಸರ ಸಂರಕ್ಷಣಾ ಸಂಸ್ಥೆಗೆ (ಇಪಿಎ) ಬಂದಿತ್ತು. 2020ರ ಮೇ ತಿಂಗಳಲ್ಲಿ ಓಎಕ್ಸ್5034ಕ್ಕೆ ಪ್ರಯೋಗದ ಅನುಮತಿ ಕೊಡುವಾಗ ಇಪಿಎ ಈ ಕೊಂಡಿಗೆ ಷರತ್ತು ಹಾಕಿತು. ಕೊಳಚೆ ನೀರು ಸಂಸ್ಕರಣಾ ಘಟಕ, ವಾಣಿಜ್ಯ ಹಣ್ಣಿನ ತೋಟ, ದನ, ಕೋಳಿ, ಹಂದಿ ಸಾಕಣೆಯ ಜಾಗಗಳಿಂದ 500 ಮೀಟರ್ ಒಳಗೆ ಸೊಳ್ಳೆ ಬಿಡುವಂತಿಲ್ಲ. ಈಡಿಸ್ ಸೊಳ್ಳೆ ಹುಟ್ಟಿದ ಜಾಗದಿಂದ ಬಹಳ ದೂರ ಹೋಗುವುದಿಲ್ಲ, ಸಾಮಾನ್ಯವಾಗಿ ಒಂದೆರಡು ಬೀದಿಗಳ ಆಚೀಚೆ. ಆ ಲೆಕ್ಕದಲ್ಲಿ 500 ಮೀಟರ್ ವಿಶಾಲ ಅಂತರ.

ಇದೇ ಔಷಧದಿಂದ ಇನ್ನೊಂದು ಪ್ರಶ್ನೆಯೂ ಏಳುತ್ತದೆ. ಟೆಟ್ರಾಸೈಕ್ಲಿನ್ ಹಾಕಿದ ನೀರಿನಲ್ಲಿ ಬೆಳೆದ ಸೊಳ್ಳೆಯ ಹೊಟ್ಟೆಯಲ್ಲಿ ಔಷಧಕ್ಕೆ ಬಗ್ಗದ ಬ್ಯಾಕ್ಟೀರಿಯಾಗಳು ಬೆಳೆದು, ಊರಿಗೆ ಹರಡಿದರೆ? ಎಫ್‌ಡಿಎ ಇದನ್ನೂ ತನ್ನ ಪರಿಶೀಲನೆಯಲ್ಲಿ ಸೇರಿಸಿತ್ತು. ಮೊಟ್ಟೆಯಲ್ಲೇ ಬಿಡುವ ಹೊಸ ತಳಿಯಲ್ಲಿ ಹಾರಿಹೋಗುವ ಸೊಳ್ಳೆ ಔಷಧವಿಲ್ಲದ ನೀರಿನಲ್ಲೇ ಬೆಳೆಯುವುದರಿಂದ ಈ ಚಿಂತೆ ಇನ್ನೂ ಕಡಿಮೆ.

ಜಕೋಬಿನಾದಲ್ಲಿ ಕಂಡದ್ದು

ಓಎಕ್ಸ್513ಎ ಮರಿಗಳಲ್ಲಿ ನೂರಕ್ಕೆ ಮೂರರಿಂದ ಐದರಷ್ಟು ಟೆಟ್ರಾಸೈಕ್ಲಿನ್ ಇಲ್ಲದೆಯೂ ಬದುಕುತ್ತವೆ ಎಂಬುದು ಪ್ರಯೋಗಾಲಯದಲ್ಲೇ ಗೊತ್ತಿತ್ತು. ಬ್ರೆಜಿಲ್‌ನ ಬಹಿಯಾ ರಾಜ್ಯದ ಜಕೋಬಿನಾ ಪಟ್ಟಣದಲ್ಲಿ 2013ರಿಂದ 2015ರವರೆಗೆ ಈ ತಳಿಯನ್ನು ಬಿಟ್ಟರು. 2019ರಲ್ಲಿ ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ವಿಜ್ಞಾನಿಗಳನ್ನೊಳಗೊಂಡ ತಂಡ ಅಲ್ಲಿನ ಸೊಳ್ಳೆಗಳ ಡಿಎನ್ಎ ಓದಿ, ಅವುಗಳಲ್ಲಿ ಪ್ರಯೋಗಾಲಯದ ತಳಿಯ ತುಣುಕುಗಳು ಬೆರೆತಿವೆ ಎಂದು ಪ್ರಕಟಿಸಿತು.

ಸುದ್ದಿ ದೊಡ್ಡದಾಯಿತು. ‘ಕುಲಾಂತರಿ ಪ್ರಯೋಗ ಕೈತಪ್ಪಿತು’ ಎಂಬ ಧಾಟಿಯಲ್ಲಿ ಅದು ಹರಡಿತು. ಇಲ್ಲಿ ಎರಡು ಸಂಗತಿಗಳನ್ನು ಬಿಡಿಸಿ ನೋಡಬೇಕು. ಬೆರೆತದ್ದು ಕ್ಯೂಬಾ ಮತ್ತು ಮೆಕ್ಸಿಕೊ ಮೂಲದ ಆ ತಳಿಯ ಸಹಜ ಡಿಎನ್ಎ. ಕೊಲ್ಲುವ ಜೀನ್, ಹೊಳೆಯುವ ಜೀನ್ ಊರ ಸೊಳ್ಳೆಗಳಲ್ಲಿ ನೆಲೆಸಿರಲಿಲ್ಲ. ಮಿಶ್ರ ಸೊಳ್ಳೆಗಳು ಇನ್ನಷ್ಟು ಗಟ್ಟಿಮುಟ್ಟಾಗಿರಬಹುದು ಎಂದು ಪ್ರಬಂಧದಲ್ಲಿದ್ದ ಊಹೆಗೆ ಪುರಾವೆ ಇಲ್ಲ ಎಂದು ಆಕ್ಷೇಪಗಳು ಬಂದವು. 2020ರಲ್ಲಿ ಅದನ್ನು ಪ್ರಕಟಿಸಿದ ವಿಜ್ಞಾನ ಪತ್ರಿಕೆಯೇ ಆ ಪ್ರಬಂಧಕ್ಕೆ ಕಳವಳದ ಟಿಪ್ಪಣಿ ಲಗತ್ತಿಸಿತು.

ಹಾಗೆಂದು ಜಕೋಬಿನಾವನ್ನು ಪಕ್ಕಕ್ಕೆ ಸರಿಸುವುದೂ ತಪ್ಪು. ಬದುಕುಳಿಯುವ ಆ ಸಣ್ಣ ಪಾಲು ಬಯಲಿನಲ್ಲಿ ಏನು ಮಾಡುತ್ತದೆ ಎಂಬುದನ್ನು ಸೊಳ್ಳೆ ಬಿಟ್ಟ ಮೇಲೂ ಹೊರಗಿನವರು ಸ್ವತಂತ್ರವಾಗಿ ಹೋಗಿ ನೋಡಬೇಕು ಎಂಬುದನ್ನು ಅದು ತೋರಿಸಿಕೊಟ್ಟಿತು. ಮಿಶ್ರ ಸೊಳ್ಳೆ ಡೆಂಗಿ ವೈರಸ್ಸನ್ನು ಹೆಚ್ಚು ಹೊರುತ್ತದೆಯೇ, ಕೀಟನಾಶಕಕ್ಕೆ ಬಗ್ಗುತ್ತದೆಯೇ ಎಂಬ ಪ್ರಶ್ನೆಗಳು ನೇರವಾಗಿ ಜನರ ಆರೋಗ್ಯದವು.

ಬ್ರೆಜಿಲ್‌ನದೇ ಇನ್ನೊಂದು ವದಂತಿ ಇಂದಿಗೂ ಮೊಬೈಲಿನಿಂದ ಮೊಬೈಲಿಗೆ ಹರಿಯುತ್ತಿದೆ. 2015-16ರಲ್ಲಿ ಝಿಕಾ ವೈರಸ್ ಹರಡಿ ಮಕ್ಕಳು ಸಣ್ಣ ತಲೆಯೊಂದಿಗೆ ಹುಟ್ಟಿದ್ದಕ್ಕೆ ಕುಲಾಂತರಿ ಸೊಳ್ಳೆ ಕಾರಣ ಎಂಬುದು. ಅಂಥ ಮಕ್ಕಳು ಮೊದಲು ಹೆಚ್ಚಾಗಿ ಕಂಡದ್ದು ಪೆರ್ನಾಂಬುಕೊ ರಾಜ್ಯದ ರೆಸಿಫೆಯ ಸುತ್ತ. ಸೊಳ್ಳೆ ಬಿಟ್ಟ ಬಹಿಯಾದ ಊರುಗಳು ಅಲ್ಲಿಂದ ನೂರಾರು ಕಿಲೊಮೀಟರ್ ದೂರ. ಕುಲಾಂತರಿ ಸೊಳ್ಳೆಯನ್ನು ಎಂದೂ ಬಿಡದ ಫ್ರೆಂಚ್ ಪಾಲಿನೇಷ್ಯಾದಲ್ಲೂ 2013-14ರ ಝಿಕಾ ಹಾವಳಿಯ ಬಳಿಕ ಇದೇ ತೊಂದರೆ ಇದ್ದದ್ದು ಹಿಂದಿನ ದಾಖಲೆಗಳನ್ನು ತೆಗೆದು ನೋಡಿದಾಗ ತಿಳಿಯಿತು. ಮಕ್ಕಳಿಗೆ ಹಾನಿ ಮಾಡಿದ್ದು ವೈರಸ್.

ಸೊಳ್ಳೆ ಕಡಿಮೆಯಾದ ಮೇಲಿನ ಅಪಾಯ

ಪ್ರಯೋಗ ಸೋತರೆ ಏನು ಎಂದು ಎಲ್ಲರೂ ಕೇಳುತ್ತಾರೆ. ಗೆದ್ದರೆ ಏನು ಎಂಬುದೂ ಆರೋಗ್ಯದ ಪ್ರಶ್ನೆಯೇ. ಈಡಿಸ್ ಈಜಿಪ್ಟಿ ಖಾಲಿ ಮಾಡಿದ ಜಾಗಕ್ಕೆ ಅದರ ದಾಯಾದಿ ಈಡಿಸ್ ಆಲ್ಬೊಪಿಕ್ಟಸ್ ಬಂದು ಸೇರಬಹುದು. ಅದೂ ಡೆಂಗಿ ಹರಡಬಲ್ಲದು, ನಗರಗಳಲ್ಲಿ ಈಜಿಪ್ಟಿಯಷ್ಟು ಸಮರ್ಥವಾಗಿ ಅಲ್ಲ.

ಇನ್ನೊಂದು ಸೂಕ್ಷ್ಮವಾದದ್ದು. ಡೆಂಗಿ ವೈರಸ್‌ನಲ್ಲಿ ನಾಲ್ಕು ಬಗೆಗಳಿವೆ. ಒಂದು ಬಗೆ ಬಂದುಹೋದವರಿಗೆ ಅದರ ವಿರುದ್ಧ ದೀರ್ಘಕಾಲದ ರಕ್ಷಣೆ ಸಿಗುತ್ತದೆ, ಆದರೆ ಮತ್ತೊಂದು ಬಗೆ ತಗುಲಿದಾಗ ಕಾಯಿಲೆ ಹೆಚ್ಚು ತೀವ್ರವಾಗುವ ಸಂಭವವಿದೆ. ಊರಿನಲ್ಲಿ ಹಲವು ವರ್ಷ ಸೊಳ್ಳೆ ಕಡಿಮೆಯಾದರೆ ಸೋಂಕೇ ತಗುಲದ ಮಕ್ಕಳು ಹೆಚ್ಚುತ್ತಾರೆ. ಆಮೇಲೆ ದುಡ್ಡು ಮುಗಿದೋ ಗುತ್ತಿಗೆ ಮುಗಿದೋ ಸೊಳ್ಳೆ ಬಿಡುವುದು ನಿಂತರೆ, ಮರಳಿ ಬಂದ ಸೊಳ್ಳೆ ಒಮ್ಮೆಲೇ ಬಹಳ ಜನರಿಗೆ ರೋಗ ತರಬಹುದು. ಕರಗಿಹೋಗುವ ಜೀನ್ ಎಂಬುದು ಸುರಕ್ಷತೆಯ ದೃಷ್ಟಿಯಿಂದ ಒಳ್ಳೆಯ ಗುಣ. ಅದರರ್ಥ ಸೊಳ್ಳೆಯನ್ನು ವರ್ಷವರ್ಷವೂ ಕೊಂಡು ಬಿಡುತ್ತಲೇ ಇರಬೇಕು ಎಂದೂ ಹೌದು. ಆದ್ದರಿಂದ ಖರ್ಚು ಯಾರದು, ಎಷ್ಟು ವರ್ಷ ಎಂಬುದು ಬರೀ ಲೆಕ್ಕಪತ್ರದ ಮಾತಾಗಿ ಉಳಿಯುವುದಿಲ್ಲ.

ಯಾವುದರೊಂದಿಗೆ ಹೋಲಿಸಿ?

ಅಪಾಯ ಸೊನ್ನೆ ಇರಬೇಕು ಎಂದರೆ ಯಾವ ಮದ್ದನ್ನೂ ಬಳಸುವಂತಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗದರ್ಶಿ ಇಟ್ಟ ಅಳತೆಗೋಲು ಹೀಗಿದೆ: ಕುಲಾಂತರಿ ಸೊಳ್ಳೆ ಮನುಷ್ಯರ ಆರೋಗ್ಯಕ್ಕೆ ಅದೇ ಜಾತಿಯ ಸಾಮಾನ್ಯ ಸೊಳ್ಳೆಗಿಂತ ಹೆಚ್ಚು ಕೇಡು ಮಾಡಬಾರದು, ಪರಿಸರಕ್ಕೆ ಈಗಿನ ಸೊಳ್ಳೆ ನಿಯಂತ್ರಣ ಕ್ರಮಗಳಿಗಿಂತ ಹೆಚ್ಚು ಕೇಡು ಮಾಡಬಾರದು.

ಈಗಿನ ಕ್ರಮಗಳೂ ನಿರಪಾಯವಲ್ಲ. ಫಾಗಿಂಗ್‌ಗೆ ಬಳಸುವ ಮ್ಯಾಲಥಿಯಾನ್ ಮನುಷ್ಯರಲ್ಲಿ ಬಹುಶಃ ಕ್ಯಾನ್ಸರ್‌ಕಾರಕ ಎಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2015ರಲ್ಲಿ ವರ್ಗೀಕರಿಸಿತು. ಹೊಗೆ ಸೊಳ್ಳೆಯನ್ನಷ್ಟೇ ಕೊಲ್ಲುವುದೂ ಇಲ್ಲ.

ಇನ್ನೊಂದು ಬದಿಯ ತಕ್ಕಡಿಯನ್ನೂ ನೋಡಬೇಕು. ಯೋಗ್ಯಕರ್ತಾದ ವೊಲ್ಬಾಕಿಯಾ ಪ್ರಯೋಗದಲ್ಲಿ ನಗರವನ್ನು ಭಾಗಗಳಾಗಿ ವಿಂಗಡಿಸಿ, ಚೀಟಿ ಎತ್ತಿದಂತೆ ಕೆಲವು ಕಡೆ ಮಾತ್ರ ಸೊಳ್ಳೆ ಬಿಟ್ಟು ಹೋಲಿಸಿದಾಗ ಡೆಂಗಿ ಶೇ 77ರಷ್ಟು ಇಳಿದಿತ್ತು. 2021ರಲ್ಲಿ ಅದು ಪ್ರಕಟವಾಯಿತು. ಫ್ಲೋರಿಡಾದ ಪ್ರಯೋಗ ಅಂಥದ್ದಲ್ಲ. ಅದು ಸೊಳ್ಳೆಗಳನ್ನು ಎಣಿಸಲು ರೂಪಿಸಿದ್ದು, ರೋಗಿಗಳನ್ನು ಎಣಿಸಲು ಅಲ್ಲ. ಸೊಳ್ಳೆ ಇಳಿದದ್ದಕ್ಕೂ ಜ್ವರ ಇಳಿದದ್ದಕ್ಕೂ ನಡುವೆ ಇರುವ ಅಂತರವನ್ನು ಜಾಹೀರಾತುಗಳು ಹಾರಿಬಿಡುತ್ತವೆ. ನಾವು ಹಾರಬಾರದು.

ಫ್ಲೋರಿಡಾದಲ್ಲಿ ಕೊನೆಗೆ ನಡೆದದ್ದು

ಕೀ ಹೇವನ್ ಬೇಡವೆಂದ ಮೇಲೆ ಪ್ರಯೋಗ ಬೇರೆ ದ್ವೀಪಗಳಿಗೆ ಹೋಯಿತು. 2021ರ ಏಪ್ರಿಲ್ ಕೊನೆಯಲ್ಲಿ ಕಡ್ಜೊ ಕೀ, ರಾಮ್‌ರಾಡ್ ಕೀ, ವಾಕಾ ಕೀ ದ್ವೀಪಗಳ ಕೆಲವು ಅಂಗಳಗಳಲ್ಲಿ ಓಎಕ್ಸ್5034 ಮೊಟ್ಟೆಗಳ ಪೆಟ್ಟಿಗೆ ಇಟ್ಟರು. ವಾರಕ್ಕೆ ಸುಮಾರು 12,000 ಗಂಡು ಸೊಳ್ಳೆಗಳು ಹಾರಿದವು. ಯಾವಾಗ ಬೇಕಾದರೂ ಅನುಮತಿ ಹಿಂಪಡೆಯುವ ಅಧಿಕಾರವನ್ನು ಇಪಿಎ ತನ್ನ ಕೈಯಲ್ಲೇ ಇಟ್ಟುಕೊಂಡಿತ್ತು.

ಬಲೆಗಳಿಂದ 22,000ಕ್ಕೂ ಹೆಚ್ಚು ಮೊಟ್ಟೆಗಳನ್ನು ತಂದು ಪ್ರಯೋಗಾಲಯದಲ್ಲಿ ಬೆಳೆಸಿದಾಗ, ಜೀನ್ ಪಡೆದ ಹೆಣ್ಣುಗಳೆಲ್ಲ ವಯಸ್ಕ ಹಂತ ತಲುಪುವ ಮೊದಲೇ ಸತ್ತವು. ಜೀನ್ ಎರಡು ಮೂರು ತಿಂಗಳು, ಅಂದರೆ ಸುಮಾರು ಮೂರು ತಲೆಮಾರು ಉಳಿದು ಮರೆಯಾಯಿತು. 400 ಮೀಟರ್ ಆಚೆ ಅದು ಸಿಗಲಿಲ್ಲ ಎಂದು 2022ರಲ್ಲಿ ಆಕ್ಸಿಟೆಕ್ ತಿಳಿಸಿತು. ಸರಪಣಿಯ ಮೊದಲ ಕೊಂಡಿ, ಅಂದರೆ ಕಚ್ಚುವ ಕುಲಾಂತರಿ ಹೆಣ್ಣು, ಅಲ್ಲಿಯೇ ಕಡಿದುಹೋಗುತ್ತದೆ ಎನ್ನಲು ಇದು ಬಲವಾದ ಸೂಚನೆ. ಸೊಳ್ಳೆ ಮಾರುವ ಕಂಪನಿಯೇ ಕೊಟ್ಟ ಲೆಕ್ಕ ಇದು ಎಂಬುದನ್ನೂ ಜೊತೆಗೇ ಹೇಳಬೇಕು.

ಸೋನಿಪತ್‌ನಿಂದ ಇಂದಿನವರೆಗೆ

ಭಾರತಕ್ಕೆ ಈ ಚರ್ಚೆ ಹೊಸದಲ್ಲ. 1970ರ ದಶಕದ ಮೊದಲ ಭಾಗದಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಮತ್ತು ಐಸಿಎಂಆರ್ ಅಮೆರಿಕದ ಹಣದಿಂದ ದೆಹಲಿಯಲ್ಲಿ ಸೊಳ್ಳೆಗಳ ಆನುವಂಶಿಕ ನಿಯಂತ್ರಣ ಘಟಕ ನಡೆಸಿದವು. ಆಗ ಕುಲಾಂತರಿ ತಂತ್ರ ಇರಲಿಲ್ಲ. ಥಯೊಟೆಪಾ ಎಂಬ ರಾಸಾಯನಿಕದಿಂದ ಗಂಡು ಕ್ಯೂಲೆಕ್ಸ್ ಸೊಳ್ಳೆಗಳನ್ನು ಬಂಜೆ ಮಾಡಿ ದೆಹಲಿ ಸುತ್ತಲಿನ ಹಳ್ಳಿಗಳಲ್ಲಿ ಬಿಟ್ಟರು. ಆ ರಾಸಾಯನಿಕ ಕ್ಯಾನ್ಸರ್ ತರಬಹುದು ಎಂಬ ಆತಂಕ, ಪ್ರಯೋಗದಿಂದ ಸಿಗುವ ಮಾಹಿತಿ ಜೈವಿಕ ಯುದ್ಧಕ್ಕೆ ಬಳಕೆಯಾದೀತು ಎಂಬ ಶಂಕೆ ಪತ್ರಿಕೆಗಳಲ್ಲಿ, ಸಂಸತ್ತಿನಲ್ಲಿ ಎದ್ದವು. ಹರಿಯಾಣದ ಸೋನಿಪತ್‌ನಲ್ಲಿ ಈಡಿಸ್ ಸೊಳ್ಳೆಗಳನ್ನು ಬಿಡುವ ಸಿದ್ಧತೆ ಮುಗಿದಿದ್ದಾಗಲೇ 1975ರಲ್ಲಿ ಅದು ರದ್ದಾಯಿತು, ಘಟಕವೂ ಮುಚ್ಚಿತು. ಶಂಕೆಗಳಲ್ಲಿ ಎಷ್ಟು ಸರಿ ಎಂಬುದರ ಬಗ್ಗೆ ವಾದ ನಡೆದೇ ಇದೆ. ಜನರಿಗೆ ಮೊದಲೇ ಬಿಡಿಸಿ ಹೇಳಿರಲಿಲ್ಲ ಎಂಬುದು ಅದರ ಬೇರಿನಲ್ಲಿತ್ತು.

2017ರಲ್ಲಿ ಮಹಾರಾಷ್ಟ್ರದ ಜಾಲ್ನಾ ಬಳಿ ದಾವಲವಾಡಿಯಲ್ಲಿ ಆಕ್ಸಿಟೆಕ್ ತಳಿಯನ್ನು ಹೊರಾಂಗಣ ಪಂಜರಗಳಲ್ಲಿ ಪರೀಕ್ಷಿಸುವ ಕೆಲಸ ಶುರುವಾಯಿತು. ಬಯಲಿಗೆ ಬಿಡುವ ಹಂತಕ್ಕೆ ಅದು ಹೋಗಲಿಲ್ಲ. ಕೇಂದ್ರದ ಜೈವಿಕ ತಂತ್ರಜ್ಞಾನ ಇಲಾಖೆ 2023ರಲ್ಲಿ ಕುಲಾಂತರಿ ಕೀಟಗಳಿಗಾಗಿಯೇ ಮಾರ್ಗಸೂಚಿ ಹೊರಡಿಸಿದೆ. ಪರಿಸರಕ್ಕೆ ಬಿಡುವ ಅರ್ಜಿ ಬಂದರೆ ಅದು ಪರಿಸರ ಸಚಿವಾಲಯದ ಅಡಿಯ ಜೆನೆಟಿಕ್ ಎಂಜಿನಿಯರಿಂಗ್ ಪರಿಶೀಲನಾ ಸಮಿತಿಯ (ಜಿಇಎಸಿ) ಮುಂದೆ ಹೋಗಬೇಕು.

ಕರ್ನಾಟಕಕ್ಕೆ ಇನ್ನೊಂದು ಎಳೆಯೂ ತಾಗುತ್ತದೆ. ಬೆಂಗಳೂರು, ಮಂಗಳೂರುಗಳಂಥ ಊರುಗಳಲ್ಲಿ ಓವರ್‌ಹೆಡ್ ಟ್ಯಾಂಕ್, ಕಟ್ಟಡ ಕಾಮಗಾರಿಯ ನೀರಿನಲ್ಲಿ ಬೆಳೆದು ಮಲೇರಿಯಾ ಹರಡುವ ಅನಾಫಿಲಿಸ್ ಸ್ಟೀಫೆನ್ಸಿ ದಕ್ಷಿಣ ಏಷ್ಯಾ ಮೂಲದ ಸೊಳ್ಳೆ. ಅದು 2012ರಲ್ಲಿ ಆಫ್ರಿಕಾದ ಜಿಬೂಟಿಯಲ್ಲಿ ಕಾಣಿಸಿಕೊಂಡಿತು. ಆ ವರ್ಷ 27 ಇದ್ದ ಅಲ್ಲಿನ ಮಲೇರಿಯಾ ಪ್ರಕರಣಗಳು 2020ರ ಹೊತ್ತಿಗೆ 73,000 ದಾಟಿದವು. 2024ರ ಮೇ ತಿಂಗಳಲ್ಲಿ ಜಿಬೂಟಿ ಕುಲಾಂತರಿ ಸ್ಟೀಫೆನ್ಸಿ ಗಂಡುಗಳನ್ನು ಬಿಡಲು ಆರಂಭಿಸಿತು. ಅಲ್ಲಿ ಅದು ಹೊರಗಿನಿಂದ ನುಗ್ಗಿದ ಜೀವಿ, ಇಲ್ಲಿ ತಲೆತಲಾಂತರದಿಂದ ಇರುವ ಜೀವಿ. ಹೆಸರು ಒಂದೇ ಆದರೂ ಅಲ್ಲಿನ ಅಂದಾಜನ್ನು ಇಲ್ಲಿಗೆ ನಕಲು ಮಾಡುವಂತಿಲ್ಲ. ಇತ್ತ ಪಶ್ಚಿಮ ಆಫ್ರಿಕಾದ ಬುರ್ಕಿನಾ ಫಾಸೊದಲ್ಲಿ 2025ರ ಆಗಸ್ಟ್‌ನಲ್ಲಿ ಕುಲಾಂತರಿ ಗಂಡು ಸೊಳ್ಳೆಗಳನ್ನು ಬಿಟ್ಟ ಕೆಲವೇ ದಿನಗಳಲ್ಲಿ ಅಲ್ಲಿನ ಸರ್ಕಾರ ಆ ಯೋಜನೆಯನ್ನೇ ನಿಲ್ಲಿಸಿತು.

ನಮ್ಮಲ್ಲಿ ಕೇಳಬೇಕಾದದ್ದು

ಫ್ಲೋರಿಡಾದ ಕಾಗದವನ್ನು ಹಿಡಿದುಕೊಂಡು ‘ಸುರಕ್ಷಿತ ಎಂದು ಸಾಬೀತಾಗಿದೆ’ ಎಂದು ಯಾರಾದರೂ ಬಂದರೆ, ಮೊದಲು ಕೇಳಬೇಕಾದದ್ದು ಆ 500 ಮೀಟರ್ ಬಗ್ಗೆ. ನಮ್ಮ ಊರುಗಳಲ್ಲಿ ಕೋಳಿ ಫಾರಂ, ದನದ ಕೊಟ್ಟಿಗೆ, ತೆರೆದ ಚರಂಡಿ, ಮನೆ ಎಲ್ಲ ಒತ್ತೊತ್ತಾಗಿವೆ. ಅವೆಲ್ಲದರಿಂದ ಅರ್ಧ ಕಿಲೊಮೀಟರ್ ದೂರದ ಬಡಾವಣೆ ಎಷ್ಟು ಸಿಕ್ಕಾವು? ನಮ್ಮ ಚರಂಡಿ, ತೊಟ್ಟಿಗಳ ನೀರಿನಲ್ಲಿ ಟೆಟ್ರಾಸೈಕ್ಲಿನ್ ಎಷ್ಟಿದೆ, ಅಷ್ಟರಲ್ಲಿ ಎಷ್ಟು ಹೆಣ್ಣು ಲಾರ್ವಾಗಳು ಬದುಕುತ್ತವೆ ಎಂಬುದನ್ನು ಇಲ್ಲಿನ ನೀರನ್ನೇ ತಂದು ಅಳೆಯಬೇಕು. ಸೊಳ್ಳೆ ಬಿಟ್ಟ ಮೇಲೆ ಎಣಿಸುವವರು ಕಂಪನಿಯವರೇ ಆಗಿರಬಾರದು. ಜೊತೆಗೆ ಜ್ವರದ ಪ್ರಕರಣಗಳನ್ನೂ ಎಣಿಸಬೇಕು.

ಹೋಲಿಸಲು ಸೊಳ್ಳೆ ಬಿಡುವ ಮುಂಚಿನ ಲೆಕ್ಕವೂ ಬೇಕು: ಯಾವ ಬೀದಿಯಲ್ಲಿ ಯಾವ ಜಾತಿಯ ಲಾರ್ವಾ ಎಷ್ಟು, ಯಾವ ತಿಂಗಳು ಹೆಚ್ಚು, ಯಾವ ಮನೆಗಳಲ್ಲಿ ಡೆಂಗಿ. ಮಳೆಗಾಲದಲ್ಲಿ ಡ್ರಮ್ಮು, ತೊಟ್ಟಿಗಳ ಮುಚ್ಚಳ ಎತ್ತಿ ಟಾರ್ಚ್ ಹಾಯಿಸಿ ಲಾರ್ವಾ ಹುಡುಕುವ ಆಶಾ ಕಾರ್ಯಕರ್ತೆಯರ ಸಮೀಕ್ಷೆ ಆ ಲೆಕ್ಕದ ಮೊದಲ ಪುಟ. ಅದನ್ನು ಬೀದಿಬೀದಿಯ ಮಟ್ಟದಲ್ಲಿ, ವರ್ಷವರ್ಷವೂ, ಎಲ್ಲರೂ ನೋಡುವಂತೆ ಪ್ರಕಟಿಸುವುದಕ್ಕೆ ಯಾವ ಹೊಸ ಸೊಳ್ಳೆಯೂ ಬೇಕಾಗಿಲ್ಲ, ಯಾವ ಅನುಮತಿಯೂ ಬೇಕಾಗಿಲ್ಲ.